ಪ್ರಾರಬ್ಧವೂ ಪಥ್ಯವೂ

ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಅಸ್ವತಂತ್ರ ಎಂಬುದು ನಮ್ಮ ಸಿದ್ಧಾಂತದ ಮೊದಲ ಪಾಠ. ಉಪನಯನವಾದ ಹೊಸದರಲ್ಲಿಯೇ ಇದನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಈ ಪಾಠವನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟರೆ ಎಂತಹ ಅನರ್ಥವಾದೀತೆಂಬುದಕ್ಕೆ ನಮ್ಮ ಮನೆಗಳಲ್ಲಿಯೇ ನಿದರ್ಶನ ದೊರೆಯುತ್ತದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, "ಸಕ್ಕರೆಯ ಅಂಶ ಏರುತ್ತಿದೆ, ಊಟವನ್ನು ತಿದ್ದಿಕೊಳ್ಳಿ, ದಿನವೂ ಅರ್ಧ ಗಂಟೆ ನಡೆಯಿರಿ" ಎಂದರೆ, "ರಾಯರಿದ್ದಾರೆ, ನೋಡಿಕೊಳ್ಳುತ್ತಾರೆ, ಪ್ರಾರಬ್ಧದಲ್ಲಿದ್ದುದು ತಪ್ಪೀತೆ?" ಎಂಬ ಉತ್ತರ ಬರುತ್ತದೆ. ಮಾತು ಭಕ್ತಿಯದೆಂದೇ ಕೇಳಿಸುತ್ತದೆ. ಅದು ನಿಜವಾಗಿ ಭಕ್ತಿಯೋ, ಅಥವಾ ಆಲಸ್ಯವು ಭಕ್ತಿಯ ಶಲ್ಯವನ್ನು ಹೊದ್ದುಕೊಂಡು ಬಂದಿದೆಯೋ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಈ ವಿಚಾರವೇಕೆಂದು ಕೆಲವರು ಕೇಳಬಹುದು. ಮಠದ ಪತ್ರಿಕೆಗೂ ಮಧುಮೇಹಕ್ಕೂ ಎತ್ತಣ ಸಂಬಂಧ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಖಿಲ ಭಾರತ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ರಕ್ತದ ಒತ್ತಡವುಳ್ಳವರು 31 ಕೋಟಿ. ಒಬ್ಬರಿಂದೊಬ್ಬರಿಗೆ ಅಂಟದ ಈ ರೋಗಗಳು ಹಳ್ಳಿಗಿಂತ ನಗರದಲ್ಲಿ ಹೆಚ್ಚು. ನಾವು ನಗರದವರು. ಪಾಠ ಪ್ರವಚನಗಳಿಗೆ ಬರಬೇಕಾದ ವಯಸ್ಸಿನಲ್ಲಿ ಕಣ್ಣು ಮಂಜಾಗಿ, ಮೂತ್ರಪಿಂಡ ಸೋತು ಮನೆ ಹಿಡಿಯುವವರ ಸಂಖ್ಯೆ ನಮ್ಮಲ್ಲಿ ಬೆಳೆಯುತ್ತಿದ್ದರೆ ಅದು ಮಠದ ಚಿಂತೆಯೂ ಹೌದು.

ಮೊದಲು ಸಿದ್ಧಾಂತದ ಮಾತು. ಶ್ರೀಮದಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಜೀವನ ಕರ್ತೃತ್ವವನ್ನು ನಿರ್ಣಯಿಸುತ್ತಾರೆ. ಜೀವನು ಕರ್ತನೇ ಅಲ್ಲವೆಂದರೆ, ಇದನ್ನು ಮಾಡು ಇದನ್ನು ಬಿಡು ಎಂದು ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾದೀತು. ಆದುದರಿಂದ ಜೀವನಿಗೆ ಕರ್ತೃತ್ವವುಂಟು. ಆದರೆ ಅದು ಪರಮಾತ್ಮನಿಂದ ಬಂದುದು, ಅವನ ಅಧೀನವಾದುದು. ಅಲ್ಲಿ ಬರುವ ದೃಷ್ಟಾಂತ ಬಡಗಿಯದು. ಬಡಗಿಯು ಮಾಡಿಸುವವನ ನಿಯಮನಕ್ಕೆ ಒಳಪಟ್ಟವನು. ಹಾಗೆಂದು ಕೆತ್ತುವವನು ಅವನಲ್ಲವೆಂದು ಯಾರೂ ಹೇಳುವುದಿಲ್ಲ. ಯಜಮಾನನು ಕೊಟ್ಟ ಉಳಿಯನ್ನು ಮಳೆಯಲ್ಲಿ ಬಿಸಾಡಿ ತುಕ್ಕು ಹಿಡಿಸಿ, "ಎಲ್ಲವೂ ಯಜಮಾನರ ಇಚ್ಛೆ" ಎಂದು ಬಡಗಿ ಕೈಕಟ್ಟಿ ಕುಳಿತರೆ ಅದನ್ನು ಸ್ವಾಮಿನಿಷ್ಠೆ ಎನ್ನಲಾದೀತೆ? ಈ ದೇಹವು ನಮ್ಮ ಆಸ್ತಿಯಲ್ಲ, ಸಾಧನೆಗಾಗಿ ಅವನು ಕೈಗಿತ್ತ ಉಪಕರಣ. ನಮ್ಮದಲ್ಲದ ವಸ್ತುವನ್ನು ನಮ್ಮದಕ್ಕಿಂತ ಹೆಚ್ಚು ಜೋಪಾನವಾಗಿ ನೋಡಿಕೊಳ್ಳುವುದು ಸಜ್ಜನರ ಲಕ್ಷಣ.

ಪ್ರಾರಬ್ಧಕರ್ಮವನ್ನು ಅನುಭವಿಸಿಯೇ ತೀರಿಸಬೇಕೆಂಬುದರಲ್ಲಿ ನಮಗೆ ವಿವಾದವಿಲ್ಲ. ಆದರೆ ನಮ್ಮ ಪ್ರಾರಬ್ಧದ ಪಟ್ಟಿಯನ್ನು ನಮಗೆ ಓದಿ ಹೇಳಿದವರು ಯಾರು? ಇಂತಹ ರೋಗ ಇಂತಹ ವಯಸ್ಸಿಗೆ ಬಂದೇ ಬರುವುದೆಂದು ತಿಳಿಯುವ ಶಕ್ತಿ ನಮಗಿಲ್ಲ. ನಮಗೆ ತಿಳಿದಿರುವುದು ವಿಧಿ ಮತ್ತು ನಿಷೇಧ ಮಾತ್ರ. ಪ್ರಾರಬ್ಧದ ಮಾತನ್ನಾಡುವ ಇದೇ ಮಹನೀಯರು ಎಂ.ಜಿ. ರಸ್ತೆಯನ್ನು ದಾಟುವಾಗ ಎಡಬಲ ನೋಡಿಯೇ ದಾಟುತ್ತಾರೆ. ಊರಿಗೆ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತಾರೆ. ಪ್ರಾರಬ್ಧದ ನೆನಪು ಬರುವುದು ಎರಡನೆಯ ಸಲ ಹಯಗ್ರೀವವನ್ನು ಬಡಿಸುವಾಗ ಮಾತ್ರ.

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಇದೆ. ಅದು ಹೆಚ್ಚಾಗಿ ಕಿರಿಯರದು. ಮಣಿಗಂಟಿನ ಗಡಿಯಾರದಲ್ಲಿ ಹೆಜ್ಜೆಗಳನ್ನೆಣಿಸುತ್ತ, ಕನ್ನಡಿಯ ಮುಂದೆ ತೋಳನ್ನು ಅಳೆಯುತ್ತ, ಸಂಧ್ಯಾವಂದನೆಗೆ ಹತ್ತು ನಿಮಿಷ ಸಿಗದೆ ವ್ಯಾಯಾಮಶಾಲೆಗೆ ಎರಡು ಗಂಟೆ ಸಿಗುವ ಸ್ಥಿತಿ. ಉಪಕರಣವನ್ನು ಮಸೆಯುವುದರಲ್ಲಿಯೇ ಆಯುಷ್ಯ ಕಳೆದರೆ ಕೆತ್ತನೆ ನಡೆಯುವುದೆಂದು? ಆದರೂ ಈ ಎರಡರಲ್ಲಿ ನಮ್ಮ ಸಮಾಜದಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಮೊದಲನೆಯದೇ ಎಂದು ನಾವು ಭಾವಿಸುತ್ತೇವೆ.

ನಮ್ಮ ಕೈಯಲ್ಲಿರುವುದೆಷ್ಟು, ಇಲ್ಲದಿರುವುದೆಷ್ಟು ಎಂಬ ಪ್ರಶ್ನೆಗೆ ನಮ್ಮ ಪುಣೆಯಲ್ಲಿಯೇ ನಡೆದ ಸಂಶೋಧನೆಯೊಂದು ಆಶ್ಚರ್ಯಕರವಾದ ಬೆಳಕನ್ನು ಚೆಲ್ಲಿದೆ. ಕ್ಯಾಂಪಿಗೆ ಸಮೀಪದ ರಾಸ್ತಾ ಪೇಠೆಯಲ್ಲಿ ಕೆ.ಇ.ಎಂ. ಆಸ್ಪತ್ರೆಯುಂಟು. ಅಲ್ಲಿಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರ ಹಾಗೂ ಶಿಶುಗಳ ಬೆಳವಣಿಗೆಯ ಅಧ್ಯಯನವನ್ನು ಆರಂಭಿಸಿದರು. ಅಲ್ಲಿ ಜನಿಸಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳದು ಸುಮಾರು 3.5 ಕಿಲೋ. ನಮ್ಮ ಕೂಸುಗಳ ಸ್ನಾಯುಗಳೂ ಹೊಟ್ಟೆಯೊಳಗಿನ ಅವಯವಗಳೂ ಚಿಕ್ಕವು. ಆದರೆ ಕೊಬ್ಬು ಮಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಕಣ್ಣಿಗೆ ಬಡಕಲು, ಒಳಗೆ ಕೊಬ್ಬು. ಹೊಟ್ಟೆಗಿಲ್ಲದ ಗರ್ಭದಲ್ಲಿ ಮಿತವ್ಯಯವನ್ನು ಕಲಿತು ಬಂದ ಇಂತಹ ದೇಹಕ್ಕೆ ಮುಂದೆ ಸಮೃದ್ಧಿ ದೊರೆತಾಗ ಅದನ್ನು ತಾಳಿಕೊಳ್ಳುವ ಶಕ್ತಿ ಸಾಲದು; ಮಧುಮೇಹ, ಹೃದ್ರೋಗಗಳು ಬೇಗನೆ ಬರುತ್ತವೆ.

2004ರಲ್ಲಿ ಯಾಜ್ಞಿಕರು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೊಡನೆ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ಲೋಕದ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕ, 22.3. ಆದರೆ ದೇಹದ ಕೊಬ್ಬು ಲಂಡನ್ನಿನವರಲ್ಲಿ ನೂರಕ್ಕೆ 9.1, ಪುಣೆಯವರಲ್ಲಿ 21.2. ಅವರು ನಿತ್ಯ ಓಡುವವರು. ಇವರ ಓಟವೆಂದರೆ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಒಳಗೆ ನುಗ್ಗುವುದಷ್ಟೇ ಎಂದು ಅವರೇ ವಿನೋದವಾಗಿ ಬರೆದುಕೊಂಡಿದ್ದಾರೆ. ಜೊತೆಗೆ ತಾವು ಹುಟ್ಟುವಾಗ ತೂಕ ಕಡಿಮೆಯಿದ್ದುದನ್ನೂ ಹೇಳಿದ್ದಾರೆ. ಆ ಒಂದು ಮಾತಿನಲ್ಲಿ ನಾವು ಹೇಳಬೇಕಾದುದೆಲ್ಲವೂ ಅಡಗಿದೆ. ಹುಟ್ಟಿನ ತೂಕವು ಅವರ ಆಯ್ಕೆಯಲ್ಲ. ಲಿಫ್ಟು ಮಾತ್ರ ಆಯ್ಕೆ.

ಆದುದರಿಂದ ರೋಗ ಬಂದವರನ್ನು ಕುರಿತು, "ನಾಲಗೆ ಬಿಗಿಹಿಡಿಯಲಿಲ್ಲ, ಅನುಭವಿಸಲಿ" ಎಂದು ಆಡಿಕೊಳ್ಳುವುದು ಮಹಾಪರಾಧ. ಒಬ್ಬ ಮನುಷ್ಯನ ಸಕ್ಕರೆಯ ಕಾಯಿಲೆಯಲ್ಲಿ ಅವನ ತಾಯಿ ಬರಗಾಲದ ವರ್ಷ ಅರೆಹೊಟ್ಟೆಯಲ್ಲಿ ಅವನನ್ನು ಹೊತ್ತ ಕಷ್ಟವೂ ಸೇರಿರಬಹುದು. ಅವನ ತಂದೆಯ ಮನೆತನದ ಬೀಜಗುಣವೂ ಇರಬಹುದು. ಮಿತಾಹಾರಿಗಳಾಗಿ, ನಿತ್ಯ ನಡೆದಾಡಿ, ಆಚಾರವಂತರಾಗಿದ್ದೂ ಅರ್ಬುದ ರೋಗಕ್ಕೆ ತುತ್ತಾದ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಪ್ರಾರಬ್ಧವೆಂಬ ಮಾತಿಗೆ ಅರ್ಥವಿದೆ; ಅದು ಸಾಂತ್ವನಕ್ಕೆ ಹೇಳುವ ಮಾತು. ಬಂದುದನ್ನು ಸಹಿಸಲು ಪ್ರಾರಬ್ಧ, ಬರುವುದನ್ನು ತಡೆಯಲು ಪಥ್ಯ. ಇವನ್ನು ಅದಲುಬದಲು ಮಾಡಿದಾಗಲೇ ತೊಂದರೆ.

ಪಥ್ಯದಿಂದ ಪ್ರಯೋಜನವುಂಟೆಂಬುದಕ್ಕೆ ಪ್ರಮಾಣವೇನು? ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ಬಳಗದವರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತವನ್ನು ಪ್ರಕಟಿಸಿದರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ಊಟವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡವರಲ್ಲಿ 39. ಔಷಧವನ್ನು ಸೇವಿಸಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಗುಳಿಗೆ ಮಾಡುವ ಕೆಲಸವನ್ನು ಕಾಲು ಮತ್ತು ನಾಲಗೆಗಳೂ ಮಾಡಬಲ್ಲವು. ಎಷ್ಟು ಜಾಗ್ರತೆ ವಹಿಸಿದರೂ ಆ 39 ಮಂದಿಗೆ ರೋಗ ಬಂದಿತೆಂಬುದನ್ನೂ ಮರೆಯಬಾರದು. ಪರಾಧೀನ ಕರ್ತೃತ್ವವೆಂದರೆ ಇದೇ ಅಲ್ಲವೆ? ಪ್ರಯತ್ನ ನಮ್ಮದು, ಸತ್ಯವಾದುದು, ಫಲವುಳ್ಳದ್ದು; ಫಲದ ಒಡೆತನ ಮಾತ್ರ ನಮ್ಮದಲ್ಲ.

ಇನ್ನು ಎಲೆಯ ಮುಂದೆ ಕುಳಿತುಕೊಳ್ಳೋಣ. ಊಟಕ್ಕೆ ಮೊದಲು ಪ್ರಾಣಾದಿಗಳಿಗೆ ಐದು ಆಹುತಿಗಳನ್ನು ಕೊಡುತ್ತೇವೆ. ಪ್ರಾಣನಲ್ಲಿ ಅನಿರುದ್ಧ, ಅಪಾನನಲ್ಲಿ ಪ್ರದ್ಯುಮ್ನ, ಹೀಗೆ ಸಮಾನನಲ್ಲಿ ನಾರಾಯಣನವರೆಗೆ ಭಗವದ್ರೂಪಗಳನ್ನು ಚಿಂತಿಸಿ, ಇದು ನನ್ನದಲ್ಲವೆಂದು ತ್ಯಾಗಮಾಡಿ, ತುತ್ತನ್ನು ಒಳಗೆ ಬಿಡುತ್ತೇವೆ. ಜಠರದಲ್ಲಿ ವೈಶ್ವಾನರನಾಗಿದ್ದು ಅನ್ನವನ್ನು ಪಚನ ಮಾಡುವವನು ತಾನೇ ಎಂದು ಗೀತೆಯಲ್ಲಿ ಶ್ರೀಕೃಷ್ಣನೇ ತಿಳಿಸಿದ್ದಾನೆ. ಹಾಗಾದರೆ ಊಟವು ಹೋಮ. ಹೋಮ ಮಾಡಿದವರಿಗೆಲ್ಲ ತಿಳಿದ ವಿಷಯ, ಕುಂಡಕ್ಕೆ ಚರುವನ್ನು ಒಮ್ಮೆಲೇ ಸುರಿದರೆ ಅಗ್ನಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಮೊದಲ ಐದು ತುತ್ತುಗಳನ್ನು ಭಗವಂತನಿಗೆಂದು ಕೊಟ್ಟು, ಆರನೆಯ ತುತ್ತಿನಿಂದ ಲೆಕ್ಕವಿಲ್ಲದೆ ನಮಗಾಗಿ ಉಣ್ಣುವುದಾದರೆ ಮೊದಲ ಐದಕ್ಕೆ ಅರ್ಥವೇನು ಉಳಿಯಿತು? ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲವೆಂಬ ಗೀತೆಯ ಆರನೆಯ ಅಧ್ಯಾಯದ ಉಪದೇಶವು ವೈದ್ಯಶಾಸ್ತ್ರವಲ್ಲ, ಸಾಧನೆಯ ಶಾಸ್ತ್ರ.

ಸುಮಧ್ವವಿಜಯದಲ್ಲಿ ಆಚಾರ್ಯರು ಅಸಂಖ್ಯ ಬಾಳೆಯ ಹಣ್ಣುಗಳನ್ನು ಸ್ವೀಕರಿಸಿದ ಪ್ರಸಂಗವನ್ನು ತೋರಿಸಿ ಎಲೆಯ ಮೇಲೆ ಇನ್ನಷ್ಟು ಬಡಿಸುವ ವಿನೋದಪ್ರಿಯರು ನಮ್ಮಲ್ಲಿದ್ದಾರೆ. ಅದು ವಾಯುದೇವರ ಅವತಾರದ ಮಹಿಮೆ. ಅದೇ ಕಾವ್ಯದಲ್ಲಿ ಅವರು ಬಾಲ್ಯದಲ್ಲಿ ಓಟ, ಈಜು, ಮಲ್ಲಯುದ್ಧಗಳಲ್ಲಿ ಸಹಪಾಠಿಗಳೆಲ್ಲರನ್ನೂ ಮೀರಿಸಿದ ವರ್ಣನೆಯೂ ಇದೆ. ಅದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಧಾರವಾಡ, ವಿಜಾಪುರ, ಬೆಳಗಾವಿ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ನಮ್ಮ ಹಿರಿಯರಿಗೆ ಪುಣೆ ಪರಸ್ಥಳವಾಗಿರಲಿಲ್ಲ. ಓದಲು ಬಂದರು, ರೈಲ್ವೆಯಲ್ಲಿ, ಕ್ಯಾಂಪಿನ ಸೈನಿಕ ಕಚೇರಿಗಳಲ್ಲಿ, ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ನೌಕರಿ ಹಿಡಿದರು. ಅಂದು ಪುಣೆ ಸೈಕಲ್ಲುಗಳ ಊರು. ಅವರು ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆಯನ್ನು ಉಂಡು ಸೈಕಲ್ ತುಳಿದು ಹೋಗಿ ಬಂದರು. ಇಂದು ನಾವು ಅದೇ ಹಸಿವಿನಿಂದ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನವನ್ನು ಮೂರು ಸಲ ಹಾಕಿಸಿಕೊಂಡು, ಕಾರಿನಲ್ಲಿ ಕುಳಿತು ಹೋಗಿ, ಕುರ್ಚಿಯಲ್ಲಿ ಕುಳಿತು, ಕುಳಿತೇ ಮರಳುತ್ತೇವೆ. ನಡುವೆ ಕಚೇರಿಯ ಹೊರಗೆ ವಡಾ ಪಾವ್, ಮನೆಯ ಡಬ್ಬಿಯಲ್ಲಿ ಬಾಕರವಡಿ, ನೆಂಟರು ಬಂದರೆ ಈಸ್ಟ್ ಸ್ಟ್ರೀಟಿನ ಬಿಸ್ಕತ್ತಿನ ಪೊಟ್ಟಣ. ಮಡಿಯ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಉಪ್ಪಿನ ವಿಚಾರವನ್ನಾದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಒಬ್ಬ ವ್ಯಕ್ತಿಗೆ ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಚಹಾ ಚಮಚದಷ್ಟು ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳು ಎಲೆಯ ಎಡಭಾಗದಲ್ಲಿ ಸಾಲುಗಟ್ಟಿದರೆ ಆ ಚಮಚ ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ. ತೂಕದ ಯಂತ್ರವನ್ನು ನಂಬಿ ಕುಳಿತುಕೊಳ್ಳುವಂತಿಲ್ಲವೆಂಬುದನ್ನು ಮೇಲಿನ ಇಬ್ಬರು ವೈದ್ಯರ ಉದಾಹರಣೆಯಲ್ಲಿ ಕಂಡೆವು. ಸೊಂಟಕ್ಕೆ ಒಂದು ದಾರವನ್ನು ಸುತ್ತಿ ನೋಡಿದರೆ ಸಾಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ.

ಎಲೆಯ ಮೇಲೆ ಏನು ಬೀಳುತ್ತದೆಂಬುದು ಉಣ್ಣುವವನ ವೈರಾಗ್ಯದಿಂದಲ್ಲ, ಅಡಿಗೆಯ ಮನೆಯಲ್ಲಿ ನಿರ್ಣಯವಾಗುತ್ತದೆ. ಆ ಮನೆಯಲ್ಲಿರುವವಳ ಆರೋಗ್ಯವನ್ನು ಕೇಳುವವರು ಯಾರು? ಎಲ್ಲರದೂ ಆದ ಮೇಲೆ ಉಣ್ಣುವವಳು ಅವಳು. ಪಲ್ಯ ಮುಗಿದಿದ್ದರೆ ಸಾರನ್ನ, ಅನ್ನ ಉಳಿದಿದ್ದರೆ ಕೆಡಿಸಬಾರದೆಂದು ಅದೂ ಅವಳ ಹೊಟ್ಟೆಗೆ. ಯಜಮಾನರು ಬೆಳಿಗ್ಗೆ ರೇಸ್ ಕೋರ್ಸಿನ ಸುತ್ತ ನಡೆದು ಬರುವ ಹೊತ್ತಿಗೆ ಅವಳು ಡಬ್ಬಿಗಳನ್ನು ತುಂಬುತ್ತಿರುತ್ತಾಳೆ. ಪುಣೆಯ ಆ ಆರು ಹಳ್ಳಿಗಳ ಅಧ್ಯಯನದಲ್ಲಿ, ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ದೊರೆತ ತಾಯಂದಿರ ಶಿಶುಗಳು ಹೆಚ್ಚು ಪುಷ್ಟವಾಗಿದ್ದುದು ಕಂಡುಬಂದಿತು. ಮಗುವಿನ ಐವತ್ತನೆಯ ವಯಸ್ಸಿನ ರೋಗದ ನಿವಾರಣೆಯು ಸೊಸೆಯ ತಟ್ಟೆಯಲ್ಲಿ ಆರಂಭವಾಗುವುದಾದರೆ, ಅವಳು ಕೊನೆಗೆ ಉಣ್ಣಬೇಕೆಂಬ ಪದ್ಧತಿಯನ್ನು ಧರ್ಮವೆಂದು ಕರೆಯುವುದು ಹೇಗೆ? ಗರ್ಭಿಣಿಗೆ ಮೊದಲು ಬಡಿಸಬೇಕೆಂದೇ ಸ್ಮೃತಿಗಳು ಹೇಳುತ್ತವೆ, ಅತಿಥಿಗಿಂತಲೂ ಮೊದಲು. ಅತ್ತೆಯವರು ಮನಸ್ಸು ಮಾಡಿದರೆ ಇದು ಒಂದೇ ದಿನದಲ್ಲಿ ಸರಿಹೋಗುವ ವಿಷಯ. ಮನೆಯ ಗಂಡಸರು ವಾರಕ್ಕೆ ನಾಲ್ಕು ದಿನ ಬೆಳಗಿನ ಡಬ್ಬಿಯ ಕೆಲಸವನ್ನು ವಹಿಸಿಕೊಂಡರೆ ಅವಳಿಗೂ ನಡೆಯುವ ಸಮಯ ಸಿಕ್ಕೀತು.

ನಡಿಗೆಯು ನಮಗೆ ಹೊಸದಲ್ಲ. ಹರಿದಾಸರು ತಂಬೂರಿ ಹಿಡಿದು ಊರೂರು ನಡೆದವರು. ಆಷಾಢದ ಏಕಾದಶಿಗೆ ಪಂಢರಪುರವನ್ನು ಸೇರಲು ಆಳಂದಿಯಿಂದಲೂ ದೇಹುವಿನಿಂದಲೂ ಹೊರಟ ಪಾಲಖಿಗಳು ಪುಣೆಯಲ್ಲಿ ತಂಗಿ ಹಡಪಸರದ ಕಡೆಗೆ ಸಾಗುವುದನ್ನು ಪ್ರತಿ ವರ್ಷವೂ ಕಾಣುತ್ತೇವೆ. ನಮ್ಮ ದಾಸರ ವಿಠಲನನ್ನು ಕಾಣಲೆಂದೇ ಲಕ್ಷಾಂತರ ಜನ ಮಳೆಯಲ್ಲಿ ನೂರಾರು ಮೈಲಿ ನಡೆಯುತ್ತಾರೆ. ನಾವು ಗ್ಯಾಲರಿಯಲ್ಲಿ ನಿಂತು ಕೈಮುಗಿಯುತ್ತೇವೆ. ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಚರಕಾಚಾರ್ಯರು ಮೊದಲು ಹೆಸರಿಸುವುದು ಕುಳಿತಿರುವ ಸುಖ ಮತ್ತು ಮಲಗಿರುವ ಸುಖವನ್ನು. ನಂತರ ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು ಬರುತ್ತವೆ. ಸುಶ್ರುತರಂತೂ ಪ್ರಮೇಹಿಯು ಮುನಿಯಂತೆ ಬದುಕುತ್ತ ನೂರು ಯೋಜನ ನಡೆಯಲಿ ಎಂದರು. ಇಂದಿನ ವೈದ್ಯರು ಕೇಳುವುದು ವಾರಕ್ಕೆ 150 ನಿಮಿಷ. ವಿಷ್ಣುಸಹಸ್ರನಾಮದ ಒಂದು ಪಾರಾಯಣಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಬಾಯಿಪಾಠವಿದ್ದವರಿಗೆ ಗಡಿಯಾರವೂ ಬೇಡ.

ತಂಬಾಕಿನ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಬೀಡಿ ಸಿಗರೇಟುಗಳನ್ನು ನಮ್ಮವರು ನಿಂದಿಸುವವರೇ. ಆದರೆ ನಶ್ಯದ ಡಬ್ಬಿಯನ್ನು ಪಾಂಡಿತ್ಯದ ಲಾಂಛನವೆಂಬಂತೆ ಸಹಿಸಿಕೊಂಡು ಬಂದಿದ್ದೇವೆ. ನಶ್ಯವೂ ತಂಬಾಕೇ. ಅಡಿಕೆಯೂ ಕೂಡ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ಪೂಜೆಯ ತಾಂಬೂಲ ದೇವರಿಗೆ ಸಲ್ಲಲಿ. ದಿನಕ್ಕೆ ಹತ್ತು ಸಲ ಅಗಿಯಲು ಯಾವ ಶಾಸ್ತ್ರವೂ ಹೇಳಿಲ್ಲ.

ಕೊನೆಯದಾಗಿ ಉಪವಾಸದ ವಿಷಯ. ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಎಷ್ಟು ದೃಢವಾಗಿ ಸಾರಿದ್ದಾರೆಂಬುದು ನಮ್ಮ ಓದುಗರಿಗೆ ತಿಳಿದಿದೆ. ನಮ್ಮ ಸಂಪ್ರದಾಯದ ಏಕಾದಶಿ ನಿರಾಹಾರದ್ದು. ಪುಣೆಗೆ ಬಂದ ಮೇಲೆ ಕೆಲವು ಮನೆಗಳಲ್ಲಿ ಇಲ್ಲಿಯ ಪದ್ಧತಿಯಂತೆ ಸಾಬುದಾಣಿಯ ಖಿಚಡಿ, ಬಟಾಟೆ, ಶೇಂಗಾ ಒಳಹೊಕ್ಕಿವೆ. "ಏಕಾದಶಿ, ದುಪ್ಪಟ್ ಖಾಶೀ" ಎಂದು ಮರಾಠಿಯವರೇ ಇದನ್ನು ಹಾಸ್ಯ ಮಾಡುತ್ತಾರೆ. ಸಾಬುದಾಣಿಯು ಮರಗೆಣಸಿನ ಪಿಷ್ಟ. ಮರಗೆಣಸು, ಬಟಾಟೆ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಆಚಾರ್ಯರ ಕಾಲದಲ್ಲಿ ಭರತಖಂಡದಲ್ಲಿ ಅವುಗಳ ಹೆಸರೂ ಇರಲಿಲ್ಲ. ಎಣ್ಣೆಯಲ್ಲಿ ಮಿಂದ ಈ ಪಿಷ್ಟವನ್ನು ಎರಡು ಹೊತ್ತು ತಿನ್ನುವುದರಿಂದ ಸಕ್ಕರೆ ಏರುವುದು ನಿಶ್ಚಿತ. ವ್ರತವೂ ಆಗಲಿಲ್ಲ, ಪಥ್ಯವೂ ಆಗಲಿಲ್ಲ. ದ್ವಾದಶಿಯ ಪಾರಣೆಯಲ್ಲಿಯೂ ನಿನ್ನೆಯ ಬಾಕಿಯನ್ನು ತೀರಿಸಿಕೊಳ್ಳುವ ಚಪಲವನ್ನು ಬಿಡಬೇಕು. ಚಾತುರ್ಮಾಸ್ಯದಲ್ಲಿ ಶಾಕವ್ರತದ ತಿಂಗಳು ತರಕಾರಿ ಇಲ್ಲವೆಂದು ಅನ್ನವನ್ನು ಇಮ್ಮಡಿಸದೆ ಬೇಳೆ, ಹೆಸರು, ಮಜ್ಜಿಗೆಗಳನ್ನು ಹೆಚ್ಚಿಸಿಕೊಳ್ಳಬಹುದು. ದ್ವಿದಳವ್ರತದ ತಿಂಗಳು ತರಕಾರಿ, ಹಾಲು, ಮೊಸರುಗಳನ್ನು. ತಿಂಗಳಿಗೊಂದರಂತೆ ಒಂದೊಂದನ್ನೇ ಬಿಡಿಸುವ ಈ ವ್ರತಗಳ ಕ್ರಮದಲ್ಲಿ ಉಳಿದವು ಸದಾ ಕೈಗೆ ಸಿಗುತ್ತವೆ. ನಮ್ಮಂತಹ ಶಾಕಾಹಾರಿಗಳಲ್ಲಿ ಬಿ-12 ಎಂಬ ಜೀವಸತ್ವದ ಕೊರತೆ ಬಹಳವೆಂದು ಪುಣೆಯ ಸಂಶೋಧಕರೇ ತೋರಿಸಿರುವುದರಿಂದ ಕ್ಷೀರವ್ರತದ ಹೊರಗಿನ ತಿಂಗಳುಗಳಲ್ಲಿ ಹಾಲನ್ನು ಅಸಡ್ಡೆ ಮಾಡಬಾರದು. ಅದೊಂದೇ ಸಾಲದಿದ್ದರೆ ವೈದ್ಯರನ್ನು ಕೇಳಬೇಕು.

ಈಗಾಗಲೇ ಮಧುಮೇಹಕ್ಕೆ ಇನ್ಸುಲಿನ್ನನ್ನೋ ಸಕ್ಕರೆ ಇಳಿಸುವ ಗುಳಿಗೆಯನ್ನೋ ತೆಗೆದುಕೊಳ್ಳುತ್ತಿರುವ ಹಿರಿಯರ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಔಷಧ ಒಳಗೆ ಹೋಗಿ ಅನ್ನ ಹೋಗದಿದ್ದರೆ ಸಕ್ಕರೆ ಒಮ್ಮೆಲೇ ಕುಸಿದು, ಬೆವರು, ನಡುಕ, ಭ್ರಮೆ, ಕೊನೆಗೆ ಪ್ರಜ್ಞಾಶೂನ್ಯತೆ ಉಂಟಾಗಬಹುದು. ಮನೆಯಲ್ಲಿ ಯಾರಿಗೂ ಹೇಳದೆ ಗುಳಿಗೆಯನ್ನು ತಾವೇ ಬಿಟ್ಟುಬಿಡುವುದೂ ಅಷ್ಟೇ ಅಪಾಯ. ಐವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತವನ್ನು ಸಡಿಲಿಸುವುದು ಎಷ್ಟು ಸಂಕಟದ ವಿಷಯವೆಂಬುದನ್ನು ನಾವು ಬಲ್ಲೆವು; "ಬಿಟ್ಟುಬಿಡಿ" ಎಂದು ಮಕ್ಕಳು ಹಗುರವಾಗಿ ಹೇಳುವಂತೆ ಹೇಳಲಾರೆವು. ಆದರೆ ನೀರು, ಹಾಲು, ಹಣ್ಣು, ಔಷಧ, ಗುರುಗಳ ಮಾತು ಇವು ವ್ರತವನ್ನು ಕೆಡಿಸುವುದಿಲ್ಲವೆಂಬ ಪ್ರಾಚೀನ ವಚನವನ್ನು ಹಿರಿಯರು ಅಶಕ್ತರಿಗಾಗಿ ಉದಾಹರಿಸುತ್ತ ಬಂದಿದ್ದಾರೆ. ಬಾಲರನ್ನೂ ಎಂಬತ್ತು ಮೀರಿದ ವೃದ್ಧರನ್ನೂ ಶಾಸ್ತ್ರವೇ ಈ ನಿಯಮದಿಂದ ಹೊರಗಿಟ್ಟಿದೆ. ಯಾರಿಗೆ ಯಾವ ಅನುಕಲ್ಪ ಸಲ್ಲುತ್ತದೆಂಬುದನ್ನು ಪತ್ರಿಕೆಯಲ್ಲಿ ಬರೆದು ನಿರ್ಣಯಿಸುವಂತಿಲ್ಲ. ದಶಮಿಯವರೆಗೆ ಕಾಯದೆ, ವೈದ್ಯರು ಬರೆದುಕೊಟ್ಟ ಔಷಧದ ಚೀಟಿಯೊಡನೆ ಮಠಕ್ಕೆ ಬಂದು ಪಂಡಿತರನ್ನು ಕಾಣಬೇಕು. ಅವರು ಹೇಳಿದುದನ್ನು ಮರಳಿ ವೈದ್ಯರಿಗೂ ತಿಳಿಸಬೇಕು. ಹಾಲು ಹಣ್ಣುಗಳನ್ನು ಸ್ವೀಕರಿಸಿದವರೂ ಅಂದಿನ ಸಂಜೆಯ ಭಾಗವತ ಶ್ರವಣಕ್ಕೆ ಬರಲು ಸಂಕೋಚಪಡಬೇಕಾಗಿಲ್ಲ. ಮೊದಲ ಸಾಲಿನಲ್ಲಿ ಗೋಡೆಗೊರಗಿ ಕುಳಿತುಕೊಳ್ಳಲು ಅವರಿಗೆ ಕುರ್ಚಿಗಳನ್ನು ಹಾಕಿಸಿರುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥